ಗೋಣು ಸಹಾಯಕರ ನೇಮಕಾತಿ

ಅತ್ತಿಮರದಕೊಪ್ಪಲು ನಾಡಕಚೇರಿಯಲ್ಲಿ ಮಾತಿಗೆ ಇದ್ದ ಮಾನ್ಯತೆಯನ್ನು ಕಳೆದ ಆಷಾಢದಲ್ಲಿ ಹಿಂಪಡೆಯಲಾಯಿತು. ಇದರಿಂದ ಸಾರ್ವಜನಿಕರಿಗೆ ಹೊಸ ತೊಂದರೆಯೇನೂ ಆಗಲಿಲ್ಲ. ಹಳೆಯ ತೊಂದರೆಗಳನ್ನೇ ಇನ್ನು ಮುಂದೆ ಬಾಯಿ ಮುಚ್ಚಿಕೊಂಡು ಅನುಭವಿಸಬೇಕಾಯಿತು, ಅಷ್ಟೆ.

ಪಿರಿಯಾಪಟ್ಟಣದಿಂದ ಕೊಪ್ಪದ ಕಡೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದು, ಹೊಗೆಸೊಪ್ಪಿನ ಹೊಲಗಳ ನಡುವೆ ಸ್ವಲ್ಪ ನಡೆದರೆ ಈ ಕಚೇರಿ ಸಿಗುತ್ತದೆ. ಅಲ್ಲಿನ ಉಪತಹಶೀಲ್ದಾರರು ಪ್ರಭುಸ್ವಾಮಿಯವರು. ಒಳ್ಳೆಯ ಮನುಷ್ಯ. ಮೇಲಿನವರು ಏನು ಹೇಳಿದರೂ ನಂಬುತ್ತಿದ್ದರು. ಅವರನ್ನು ಮೈಸೂರಿಗೆ ಕರೆಸಿ ‘ದಿನನಿತ್ಯದ ಸಂವಹನದಲ್ಲಿ ದೇಹಭಾಷೆ’ ಎಂಬ ತರಬೇತಿ ಕೊಡಲಾಯಿತು. ಕೋಟು ಹಾಕಿಕೊಂಡ ತರಬೇತುದಾರರೊಬ್ಬರು, ಮನುಷ್ಯ ಹೇಳುವುದರಲ್ಲಿ ಬಾಯಿಯ ಪಾಲು ಬಹಳ ಕಡಿಮೆ, ಉಳಿದದ್ದನ್ನೆಲ್ಲ ಕೈ, ಕಾಲು, ಕಣ್ಣು, ಕತ್ತುಗಳೇ ಹೇಳುತ್ತವೆ, ಬಾಯಿ ಸುಳ್ಳು ಹೇಳಬಹುದು, ದೇಹ ಹೇಳುವುದಿಲ್ಲ ಎಂದರು. ಉಳಿದ ಅಧಿಕಾರಿಗಳು ಇದನ್ನು ಕೇಳಿ ಊಟಕ್ಕೆ ಹೋದರು. ಪ್ರಭುಸ್ವಾಮಿಯವರು ಮಾತ್ರ ಊಟದ ತಟ್ಟೆಯ ಮುಂದೆ ಯೋಚನೆಗೆ ಬಿದ್ದರು. ಸರ್ವೀಸು ಪೂರ್ತಿ ತಾನು ಜನರ ಬಾಯಿಂದ ಬಂದದ್ದನ್ನೇ ಕೇಳಿಸಿಕೊಂಡಿದ್ದೇನೆ; ಅಂದರೆ ಅತಿ ಕಡಿಮೆ ಪಾಲಿನದನ್ನು ಮಾತ್ರ. ಇದು ಕರ್ತವ್ಯಲೋಪ.

ಊರಿಗೆ ಬಂದವರೇ ಬಾಗಿಲಿಗೆ ಪ್ರಕಟಣೆ ಅಂಟಿಸಿದರು:

‘ಸಾರ್ವಜನಿಕರ ಗಮನಕ್ಕೆ. ಈ ಕಚೇರಿಯಲ್ಲಿ ಮಾತನಾಡುವುದನ್ನು ನಿಷೇಧಿಸಿರುವುದಿಲ್ಲ. ಆದರೆ ಮಾತನ್ನು ಪರಿಗಣಿಸಲಾಗುವುದಿಲ್ಲ. ಅರ್ಜಿದಾರರ ತಲೆಯು ಮೇಲಿನಿಂದ ಕೆಳಕ್ಕೆ ಚಲಿಸಿದಲ್ಲಿ ಹೌದೆಂದೂ, ಎಡದಿಂದ ಬಲಕ್ಕೆ ಚಲಿಸಿದಲ್ಲಿ ಅಲ್ಲವೆಂದೂ ಭಾವಿಸತಕ್ಕದ್ದು. ಎರಡೂ ಭುಜಗಳ ಕಡೆಗೆ ತೂಗಿದಲ್ಲಿ ಅರ್ಜಿಯನ್ನು ಮುಂದಿನ ವಾರಕ್ಕೆ ಮುಂದೂಡತಕ್ಕದ್ದು.’

ನಮ್ಮ ಸೀಮೆಯಲ್ಲಿ ತಲೆ ತೂಗದೆ ಮಾತಾಡುವವರು ಯಾರೂ ಇಲ್ಲವಾದ್ದರಿಂದ ಮೊದಲ ವಾರದ ಅರ್ಜಿಗಳೆಲ್ಲ ಮುಂದಿನ ವಾರಕ್ಕೆ ಹೋದವು. ಬೆಳಗಿನಿಂದ ಕಾದು ಆಕಳಿಸಿದ ಒಬ್ಬರ ಪಹಣಿ ತಿದ್ದುಪಡಿಯನ್ನು ‘ಅರ್ಜಿದಾರರಿಗೇ ಆಸಕ್ತಿ ಇಲ್ಲ’ ಎಂದು ಮುಕ್ತಾಯಗೊಳಿಸಲಾಯಿತು. ಹೊಗೆಸೊಪ್ಪು ಮುರಿದು ನೇರವಾಗಿ ಬಂದ ಇನ್ನೊಬ್ಬರ ಬೆರಳುಗಳು ಸೊಪ್ಪಿನ ಅಂಟಿಗೆ ಹಿಡಿದುಕೊಂಡು ಮುಷ್ಟಿ ಬಿಚ್ಚಿಕೊಳ್ಳಲಿಲ್ಲ. ಅವರನ್ನು ‘ಆಕ್ರಮಣಕಾರಿ’ ಎಂದು ದಾಖಲಿಸಿ ದೂರದ ಬೆಂಚಿನಲ್ಲಿ ಕೂರಿಸಲಾಯಿತು.

ಅಧಿಕಾರಿಯ ದೇಹಕ್ಕೂ ನಿಯಮವಿತ್ತು. ಎರಡೂ ಅಂಗೈಗಳನ್ನು ಮೇಲ್ಮುಖವಾಗಿ ಮೇಜಿನ ಮೇಲೆ ತೆರೆದಿಡಬೇಕು, ಅದರಿಂದ ಜನರಲ್ಲಿ ವಿಶ್ವಾಸ ಹುಟ್ಟುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಪ್ರಭುಸ್ವಾಮಿಯವರು ಹಾಗೇ ಇಟ್ಟರು. ಮೊದಲ ಅರ್ಜಿದಾರರು ಅಂಗೈ ನೋಡಿದರು, ಸಾಹೇಬರ ಮುಖ ನೋಡಿದರು, ಜೇಬಿಗೆ ಕೈ ಹಾಕಿ ಒಂದು ನೋಟು ತೆಗೆದು ಅಲ್ಲಿಟ್ಟರು. ಕೈ ಹಿಂತೆಗೆಯುವುದು ಅಪನಂಬಿಕೆಯ ಸೂಚನೆಯಾದ್ದರಿಂದ ಪ್ರಭುಸ್ವಾಮಿಯವರು ಹಿಂತೆಗೆಯಲಿಲ್ಲ. ಜನರಲ್ಲಿ ವಿಶ್ವಾಸ ಇಷ್ಟು ಬೇಗ ಹುಟ್ಟೀತೆಂದು ಅವರು ಎಣಿಸಿರಲಿಲ್ಲ.

ಎಲ್ಲವೂ ಹೀಗೆ ಸುಸೂತ್ರವಾಗಿ ನಡೆಯುತ್ತಿರುವಾಗ ಸಣ್ಣಬೀರಯ್ಯ ಬಂದ.

ಸಣ್ಣಬೀರಯ್ಯನಿಗೆ ಎರಡು ವರ್ಷದಿಂದ ತಲೆ ಅಡ್ಡಡ್ಡ ಆಡುತ್ತಿತ್ತು. ನರದ್ದು, ಜೀವಕ್ಕೇನೂ ಅಪಾಯವಿಲ್ಲ ಎಂದು ಮೈಸೂರಿನ ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದರು. ಮಲಗಿದರೆ ನಿಲ್ಲುತ್ತಿತ್ತು, ಎದ್ದರೆ ಶುರುವಾಗುತ್ತಿತ್ತು. ಊರಿನವರು ಅದಕ್ಕೆ ಒಗ್ಗಿಹೋಗಿದ್ದರು. ಟೀ ಕೊಟ್ಟರೆ ತಲೆ ಬೇಡ ಅನ್ನುತ್ತಿತ್ತು, ಕೈ ಲೋಟ ತೆಗೆದುಕೊಳ್ಳುತ್ತಿತ್ತು. ಯಾರೂ ತಲೆಯ ಕಡೆ ನೋಡುತ್ತಿರಲಿಲ್ಲ. ಮಗಳು ಹರ್ಷಿತಾಳಿಗೆ ಮೈಸೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಶನಿವಾರದೊಳಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೊಡದಿದ್ದರೆ ಸೀಟು ಇನ್ನೊಬ್ಬರಿಗೆ ಹೋಗುತ್ತಿತ್ತು. ಅಪ್ಪ, ಅವ್ವ, ಮಗಳು ಮೂವರೂ ಆಟೋದಲ್ಲಿ ಬಂದಿಳಿದರು.

ಪ್ರಭುಸ್ವಾಮಿಯವರು ನಿಗದಿತ ಪ್ರಶ್ನೆಯನ್ನು ಕೇಳಿದರು. “ಈಕೆ ನಿಮ್ಮ ಮಗಳೇ?”

“ಊಂ ಸಾರ್, ನನ್ ಮಗ್ಳೇಯ. ಇರೋಳು ಒಬ್ಳೇ” ಎಂದ ಸಣ್ಣಬೀರಯ್ಯ. ತಲೆ ಎಡಕ್ಕೂ ಬಲಕ್ಕೂ ಆಡಿತು.

“ಗಾಬರಿ ಬೇಡ. ನಿಧಾನವಾಗಿ ಯೋಚನೆ ಮಾಡಿ.”

ಯೋಚನೆ ಮಾಡು ಎಂದದ್ದಕ್ಕೇ ಸಣ್ಣಬೀರಯ್ಯನಿಗೆ ಗಾಬರಿಯಾಯಿತು. ಗಾಬರಿಯಾದರೆ ತಲೆ ಇನ್ನೂ ಜೋರಾಗಿ ಆಡುತ್ತಿತ್ತು. ‘ಒತ್ತಿ ಕೇಳಿದಷ್ಟೂ ನಿರಾಕರಣೆ ಬಲವಾಗುತ್ತಿದೆ’ ಎಂದು ಸಾಹೇಬರು ಬರೆದುಕೊಂಡರು.

ಪಕ್ಕದ ಮೇಜಿನಲ್ಲಿದ್ದ ಗುಮಾಸ್ತೆ ಸುಕನ್ಯ ಸಣ್ಣಬೀರಯ್ಯನ ಊರಿನವರೇ. ತಡೆಯಲಾರದೆ ಎದ್ದು ಬಂದರು. “ಸಾರ್, ಅವರಿಗೆ ನರದ ತೊಂದರೆ. ನಾನು ದಿನಾ ಇವರ ಮನೇಲೇ ಹಾಲು ತಗೊಳ್ಳೋದು. ಈ ಹುಡುಗಿ ಹುಟ್ಟಿದಾಗ ನೋಡೋಕೆ ಹೋಗಿದ್ದೆ.”

“ನೀವು ಹೇಳ್ತಿರೋದು ನಿಜ ಇರಬಹುದು, ಸುಕನ್ಯ. ಆದರೆ ಅದೂ ಮಾತೇ ಅಲ್ವಾ?”

ಸುಕನ್ಯ ಹೋಗಿ ಕೂತರು.

ಸಂಶಯದ ಲಾಭವನ್ನು ಅರ್ಜಿದಾರರಿಗೆ ಕೊಡಬೇಕೆಂದು ಪ್ರಭುಸ್ವಾಮಿಯವರು ತಾಯಿಯನ್ನು ಮುಂದೆ ಕರೆದು, ಸಣ್ಣಬೀರಯ್ಯನನ್ನು ತೋರಿಸಿ, “ಇವರು ನಿಮ್ಮ ಗಂಡನೇ?” ಎಂದರು. ಚಿಕ್ಕಬೀರಮ್ಮನನ್ನು ಜನ್ಮದಲ್ಲಿ ಯಾವ ಗಂಡಸೂ ಈ ಪ್ರಶ್ನೆ ಕೇಳಿರಲಿಲ್ಲ. ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ನಗು ತಡೆಯಲಾಗದೆ, ಗೋಡೆಯ ಕಡೆ ತಿರುಗಿ ನಿಂತಳು.

ಕಡತದಲ್ಲಿ ಹೀಗೆ ದಾಖಲಾಯಿತು: ‘ತಂದೆ ಎನ್ನಲಾದವರು ಸ್ಪಷ್ಟವಾಗಿ ನಿರಾಕರಿಸಿರುತ್ತಾರೆ. ಪತ್ನಿ ಎನ್ನಲಾದವರು ಮುಖ ಮುಚ್ಚಿಕೊಂಡು ಏನನ್ನೋ ಮರೆಮಾಚಿರುತ್ತಾರೆ. ಮೂವರೂ ಪರಸ್ಪರ ಅಪರಿಚಿತರೆಂದು ಕಂಡುಬಂದಿದ್ದು, ಒಂದೇ ಆಟೋದಲ್ಲಿ ಬಂದಿರುವುದು ಆಕಸ್ಮಿಕ.’

ಹೋಗುವಾಗ ಆಟೋ ಸಿಗಲಿಲ್ಲ. ಹೊಲದ ದಾರಿಯಲ್ಲಿ ನಡೆದರು. ಸಣ್ಣಬೀರಯ್ಯ, “ನನ್ ಮಗ್ಳಲ್ಲ ಅಂತ ನಾನೇ ಅಂದಂಗಾಯ್ತಲ್ಲವ್ವ” ಎಂದ.

“ನೀನಲ್ಲ ಕಣಪ್ಪ ಅಂದಿದ್ದು. ನಿನ್ ನರ” ಎಂದಳು ಹರ್ಷಿತಾ.

“ಸಾಹೇಬ್ರಿಗೆ ನರಾನೇ ಬೇಕಂತಲ್ಲ.”

ಅವನು ಟವೆಲ್ಲನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡ. ಟವೆಲ್ಲೂ ಸೇರಿ ಆಡಿತು. ಚಿಕ್ಕಬೀರಮ್ಮನಿಗೆ ತಾನು ನಕ್ಕದ್ದು ತಪ್ಪಾಯಿತೆಂದು ಅನ್ನಿಸಿ ಮನೆ ಬರುವವರೆಗೂ ತಲೆ ಎತ್ತಲಿಲ್ಲ.

ಮಾರನೆಯ ದಿನ ಹರ್ಷಿತಾ ಒಬ್ಬಳೇ ಕಚೇರಿಗೆ ಬಂದಳು. ಸಾಹೇಬರ ಮುಂದೆ ನೇರ ನಿಂತು, “ಸಾರ್, ಪ್ರಶ್ನೆ ಒಂಚೂರು ತಿರುಗಿಸಿ ಕೇಳಿ. ‘ಈಕೆ ಬೇರೆಯವರ ಮಗಳೇ’ ಅಂತ ಕೇಳಿ. ಅಪ್ಪನ ತಲೆ ಅಲ್ಲ ಅನ್ನುತ್ತೆ. ಸರಿಹೋಯ್ತದೆ” ಎಂದಳು.

ಪ್ರಭುಸ್ವಾಮಿಯವರಿಗೆ ಇದು ಹಿಡಿಸಿತು. ಹುಡುಗಿ ಬುದ್ಧಿವಂತೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡರು. ನಿಯಮಗಳ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನಿಜವಾದ ವಿಷಾದದಿಂದ ಹೇಳಿದರು: “ಪ್ರಶ್ನೆ ಬದಲಾಯಿಸೋ ಅಧಿಕಾರ ನನಗಿಲ್ಲಮ್ಮ. ಬೇಕಿದ್ರೆ ನೀವೇ ಉತ್ತರ ಬದಲಾಯಿಸ್ಕೊಂಡು ಬನ್ನಿ.”

ಕಚೇರಿಯ ಎದುರು ಹುಣಸೆಮರದ ಕೆಳಗೆ ಚೆಲುವರಾಜು ಇದ್ದ. ಮೊದಲು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದವನು. ಮಾತಿಗೆ ಬೆಲೆ ಹೋದ ಮೇಲೆ ಅಕ್ಷರಕ್ಕೂ ಹೋಯಿತೆಂದು ಅರಿತು, ‘ಇಲ್ಲಿ ನಿಲ್ಲುವುದನ್ನು ಕಲಿಸಲಾಗುತ್ತದೆ’ ಎಂದು ಬೋರ್ಡು ಹಾಕಿಕೊಂಡಿದ್ದ. ವಿಧವಾ ವೇತನಕ್ಕೆ ಒಂದು ನಿಲುವು, ಹೊಲದ ದಾರಿ ತಕರಾರಿಗೆ ಇನ್ನೊಂದು. ಖಾತೆ ಬದಲಾವಣೆಗೆ ಬಂದವರಿಗೆ ಅಣ್ಣತಮ್ಮಂದಿರು ಹೆಗಲ ಮೇಲೆ ಕೈಹಾಕಿಕೊಳ್ಳುವುದನ್ನೂ ಹೇಳಿಕೊಡುತ್ತಿದ್ದ. ಮಾತುಬಿಟ್ಟ ಎಷ್ಟೋ ಅಣ್ಣತಮ್ಮಂದಿರು ಅಲ್ಲಿ ವರ್ಷಗಳ ಮೇಲೆ ಒಬ್ಬರನ್ನೊಬ್ಬರು ಮುಟ್ಟಿದರು.

ಹರ್ಷಿತಾ ಸಂಗತಿ ಹೇಳಿದಳು. ಚೆಲುವರಾಜು ಗಲ್ಲ ಕೆರೆದುಕೊಂಡ.

“ನಿಮ್ಮಪ್ಪನ ಕೇಸು ಕಷ್ಟ ಕಣವ್ವ. ಗಲ್ಲಕ್ಕೆ ಟವೆಲ್ ಬಿಗಿದು ಕರ್ಕೊಂಡೋದ್ರೆ ಅಲ್ಲುನೋವು ಅಂತ ಬರ್ಕೋತಾರೆ. ನಿದ್ದೇಲಿ ನಿಲ್ತದೆ ಅಂತೀಯ. ಮಲಗಿಸ್ಕೊಂಡು ಬರಾದು ವಾಸಿ.”

“ಮಲಗಿದ್ರೆ ಅಲ್ಲ ಅನ್ನಕಿಲ್ಲ. ಊಂ ಅನ್ನಾದೂ ಇಲ್ವಲ್ಲ ಅಣ್ಣ.”

“ಅದೂ ಸರೀನೇಯ” ಎಂದ ಚೆಲುವರಾಜು. ತನ್ನ ವಿದ್ಯೆಗೆ ಒಂದು ಮಿತಿಯಿದೆ ಎಂದು ಅವನಿಗೆ ಆವತ್ತೇ ಗೊತ್ತಾದದ್ದು.

ಶುಕ್ರವಾರ ಮತ್ತೆ ಮೂವರೂ ಬಂದರು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಹರ್ಷಿತಾ ಅವನ ಬೆನ್ನ ಹಿಂದೆ ನಿಂತಳು. “ಕೇಳಿ ಸಾರ್” ಎಂದಳು.

“ಈಕೆ ನಿಮ್ಮ ಮಗಳೇ?”

ಸಣ್ಣಬೀರಯ್ಯನ ತಲೆ ಆಡಲು ಶುರುವಾಗುವಷ್ಟರಲ್ಲಿ ಮಗಳು ಎರಡೂ ಕೈಗಳಿಂದ ಅವನ ಕೆನ್ನೆಗಳನ್ನು ಹಿಡಿದಳು. ಬಿಗಿಯಾಗಿ ಏನಲ್ಲ, ಕರುವಿನ ಮುಖ ಹಿಡಿಯುವ ಹಾಗೆ. ತಲೆ ನಿಂತಿತು.

ಎಚ್ಚರವಿರುವಾಗ ತಲೆ ನಿಂತು ಎರಡು ವರ್ಷವಾಗಿತ್ತು. ಸಣ್ಣಬೀರಯ್ಯನಿಗೆ ಎದುರಿನ ಗೋಡೆ ಕದಲದೆ ಕಾಣಿಸಿತು. ಗೋಡೆಯ ಕ್ಯಾಲೆಂಡರು ಕಾಣಿಸಿತು, ಸಾಹೇಬರ ಮೂಗಿನ ಮೇಲಿನ ಮಚ್ಚೆ ಕಾಣಿಸಿತು, ಬಾಗಿಲ ಬಳಿ ನಿಂತ ಹೆಂಡತಿಯ ಮುಖ ಪೂರ್ತಿಯಾಗಿ ಕಾಣಿಸಿತು. ಅವಳ ಕಿವಿಯ ಹತ್ತಿರ ಇಷ್ಟೊಂದು ಕೂದಲು ಬೆಳ್ಳಗಾದದ್ದು ಯಾವಾಗ ಎಂದು ಅವನಿಗೆ ತಿಳಿಯಲಿಲ್ಲ. ಕಣ್ಣಲ್ಲಿ ನೀರು ಬಂತು. ಹರ್ಷಿತಾ ಆ ತಲೆಯನ್ನು ನಿಧಾನವಾಗಿ ಕೆಳಕ್ಕೆ ಬಾಗಿಸಿ ಮೇಲಕ್ಕೆತ್ತಿದಳು. ಮತ್ತೊಂದು ಸಲ ಬಾಗಿಸಿದಳು.

ಕಚೇರಿಯಲ್ಲಿ ಯಾರೂ ಮಾತಾಡಲಿಲ್ಲ. ಮಾತಾಡಿದ್ದರೂ ಪರಿಗಣಿಸುತ್ತಿರಲಿಲ್ಲ.

ಪ್ರಭುಸ್ವಾಮಿಯವರು ಪ್ರಕಟಣೆಯನ್ನು ಬಾಗಿಲಿನಿಂದ ಕಿತ್ತು ತರಿಸಿ ಓದಿದರು. “ತಲೆಯು ಚಲಿಸಿದಲ್ಲಿ ಅಂತ ಇದೆ” ಎಂದು ಸುಕನ್ಯಗೆ ತೋರಿಸಿದರು. “ಯಾರು ಚಲಿಸಬೇಕು ಅಂತ ಇಲ್ಲ.”

“ಇಲ್ಲ ಸಾರ್” ಎಂದರು ಸುಕನ್ಯ, ಎರಡು ಸಲ ತಲೆ ಬಾಗಿಸಿ.

ಕಣ್ಣೀರಿಗೆ ತರಬೇತಿಯಲ್ಲಿ ಎರಡು ಅರ್ಥ ಹೇಳಿದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪ್ರಮಾಣಪತ್ರ ಮಂಜೂರಾಯಿತು. ಸಾಹೇಬರು ಎಂದಿನಂತೆ ಅಂಗೈಗಳನ್ನು ತೆರೆದಿಟ್ಟರು. ಹರ್ಷಿತಾ ಅದರಲ್ಲೊಂದನ್ನು ಹಿಡಿದು ಕುಲುಕಿ, “ಥ್ಯಾಂಕ್ಸ್ ಸಾರ್” ಎಂದು ಹೊರಟುಹೋದಳು. ಇದು ಯಾವ ಸೂಚನೆ ಎಂದು ಪ್ರಭುಸ್ವಾಮಿಯವರು ಸಂಜೆಯವರೆಗೂ ಟಿಪ್ಪಣಿಗಳಲ್ಲಿ ಹುಡುಕಿದರು. ಸಿಗಲಿಲ್ಲ.

ಸುದ್ದಿ ಸೋಮವಾರದ ಹೊತ್ತಿಗೆ ಸುತ್ತಲ ಊರುಗಳಿಗೆ ಮುಟ್ಟಿತು. ತಲೆ ನೆಟ್ಟಗಿದ್ದವರೂ ಹಿಡಿಯುವವರನ್ನು ಕರೆದುಕೊಂಡು ಬರತೊಡಗಿದರು. ಸ್ವಂತ ತಲೆಯನ್ನು ಸ್ವಂತಕ್ಕೆ ಆಡಿಸಿದರೆ ಸ್ವಲ್ಪ ಭುಜದ ಕಡೆ ತೂಗಿಬಿಡುವ ಅಪಾಯವಿತ್ತು, ಇನ್ನೊಬ್ಬರು ಹಿಡಿದರೆ ಆ ಭಯವಿಲ್ಲ. ಅರ್ಜಿಗಳು ಚಕಚಕನೆ ವಿಲೇವಾರಿಯಾದವು. ಆದರೆ ಯಾರು ಬೇಕಾದರೂ ಯಾರ ತಲೆ ಬೇಕಾದರೂ ಹಿಡಿಯುವುದು ಶಿಸ್ತಲ್ಲವೆಂದು ಪ್ರಭುಸ್ವಾಮಿಯವರು ಮೇಲಕ್ಕೆ ಬರೆದರು. ಅದಕ್ಕೆಂದೇ ಒಂದು ಹುದ್ದೆ ಸೃಷ್ಟಿಸಲು ಮೇಲಿನಿಂದ ಅನುಮತಿ ಬಂತು. ಹುದ್ದೆಯ ಹೆಸರಿನದೇ ತೊಡಕಾಯಿತು. ‘ತಲೆ ಹಿಡಿಯುವವರು’ ಎಂಬುದಕ್ಕೆ ಊರಿನಲ್ಲಿ ಮೊದಲೇ ಬೇರೊಂದು ಅರ್ಥವಿತ್ತು. ‘ಶಿರಸ್ತೇದಾರ’ ಎನ್ನೋಣವೆಂದರೆ ಆ ಹುದ್ದೆ ಇಲಾಖೆಯಲ್ಲಿ ಇನ್ನೊಂದು ಕೆಲಸಕ್ಕೆ ಈಗಾಗಲೇ ಇತ್ತು. ಕೊನೆಗೆ ‘ಗೋಣು ಸಹಾಯಕ’ ಎಂದು ತೀರ್ಮಾನವಾಗಿ, ಮೊದಲ ನೇಮಕಾತಿ ಚೆಲುವರಾಜುವಿಗೆ ಸಿಕ್ಕಿತು. ಅವನು ಬೋರ್ಡು ಇಳಿಸಿ, ಕೈ ತೊಳೆದುಕೊಂಡು, ಒಳಗೆ ಬಂದು ನಿಂತ. ಶುಲ್ಕವನ್ನು ಸಾಹೇಬರ ಅಂಗೈಯಲ್ಲೇ ಇಡಬಹುದೆಂದು ಸೂಚನಾ ಫಲಕ ಬಂತು.

ಮಾಗಿಯ ಶುರುವಿನಲ್ಲಿ ಮೇಲಧಿಕಾರಿಯೊಬ್ಬರು ತಪಾಸಣೆಗೆ ಬಂದರು. “ಇಲ್ಲಿ ಎಲ್ಲಾ ಸರಿಯಾಗಿ ನಡೀತಿದೆಯಾ?” ಎಂದು ಕೇಳಿದರು. ಚೆಲುವರಾಜು ಪ್ರಭುಸ್ವಾಮಿಯವರ ಹಿಂದೆ ಸರಿದು, ತಲೆ ಹಿಡಿದು, ಹೌದೆನಿಸಿದ. ಮೇಲಧಿಕಾರಿಯವರೂ ತಮ್ಮ ಸಹಾಯಕನನ್ನು ಜೀಪಿನಲ್ಲಿ ಕರೆತಂದಿದ್ದರು. ಅವನು ಅವರ ತಲೆಯನ್ನು ಹಿಡಿದು, ತೃಪ್ತಿಯಾಯಿತೆನಿಸಿದ. ಎರಡೂ ತಲೆಗಳು ಒಂದೇ ಲಯದಲ್ಲಿ ಸ್ವಲ್ಪ ಹೊತ್ತು ಆಡಿದವು. ಆಮೇಲೆ ಕಾಫಿ ಬಂತು.

ಹರ್ಷಿತಾ ಮೈಸೂರಿನ ಹಾಸ್ಟೆಲಿನಲ್ಲಿದ್ದಾಳೆ. ಆ ದಿನಗಳಲ್ಲೇ ಒಂದು ಮಧ್ಯಾಹ್ನ ಸಣ್ಣಬೀರಯ್ಯ ಊಟಕ್ಕೆ ಕೂತಿದ್ದ. ಮೊದಲ ಮುದ್ದೆ ಮುಗಿದಿತ್ತು.

“ಇನ್ನೊಂದು ಇಕ್ಕಲಾ?” ಎಂದಳು ಚಿಕ್ಕಬೀರಮ್ಮ.

“ಇಕ್ಕು” ಎಂದ. ತಲೆ ಅಡ್ಡಡ್ಡ ಆಡಿತು.

ಇಷ್ಟು ದಿನ ಆಕೆ ತಲೆಯ ಕಡೆ ನೋಡದೆ ಬಡಿಸುತ್ತಿದ್ದವಳು, ಈಗ ಮುದ್ದೆಯನ್ನು ಪಾತ್ರೆಗೆ ವಾಪಸ್ಸು ಇಟ್ಟಳು.

“ಯಾಕಮ್ಮಿ?”

“ಸರ್ಕಾರದೋರೇ ಬರೀ ಬಾಯ್ಮಾತ ಒಪ್ಪಲ್ವಂತೆ. ನಾನು ಅದೆಂಗೆ ಒಪ್ಲಿ?”

ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದು, ಅವನ ಹಿಂದೆ ಮಂಡಿಯೂರಿ ಕೂತು, ಎರಡೂ ಕೆನ್ನೆಗಳನ್ನು ಹಿಡಿದಳು. ಸಣ್ಣಬೀರಯ್ಯ ಕಣ್ಣು ಮುಚ್ಚಿದ. ಆಕೆ ಅವನ ತಲೆಯನ್ನು ನಿಧಾನವಾಗಿ ಬಾಗಿಸಿ, ಎತ್ತಿ, ಬಾಗಿಸಿ, ಮುದ್ದೆ ಆರುವವರೆಗೂ ಹಾಗೇ ಹಿಡಿದುಕೊಂಡಿದ್ದು, ಆಮೇಲೆ ಬಡಿಸಿದಳು.