ಎರಡನೆಯ ‘ಗೆ’

‘ಬಾಡಿಗೆಗೆ’ ಎಂಬ ಪದದಲ್ಲಿ ಎರಡು ‘ಗೆ’ಗಳಿರುತ್ತವೆ. ಮೊದಲನೆಯದು ಪದದ ಅಂಗ, ಎರಡನೆಯದು ವಿಭಕ್ತಿ ಪ್ರತ್ಯಯ. ವ್ಯಾಕರಣ ಬಲ್ಲವರೆಲ್ಲರೂ ಇಷ್ಟನ್ನು ಒಪ್ಪುತ್ತಾರೆ. ಬೆಲೆಯ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ. ಎರಡನೆಯ ‘ಗೆ’ಯ ಬೆಲೆ ಎರಡು ಲೋಟ ಕಾಫಿಯಷ್ಟು ಎಂಬುದು ಬೋರ್ಡು ಬರೆಯುವವನ ನಿಲುವು, ಒಂದು ಮನೆಯಷ್ಟು ಎಂಬುದು ಪುರಸಭೆಯ ನಿಲುವು. ಮೊದಲನೆಯದನ್ನು ಉಳಿಸಿ ಎರಡನೆಯದನ್ನು ತೆತ್ತವರು ನಮ್ಮ ಕಾಂಪೌಂಡರು.

ಕಾಂಪೌಂಡರು ಔಷಧಿ ಅಂಗಡಿಯ ಕೌಂಟರಿನ ಹಿಂದೆ ಇಪ್ಪತ್ತೆರಡು ವರ್ಷ ನಿಂತೇ ಕೆಲಸ ಮಾಡಿದವರು. ಮೊಣಕಾಲಿನ ಕೆಳಗೆ ನರಗಳು ಬಳ್ಳಿಗಳಂತೆ ಹಬ್ಬಿದ್ದವು. ಹೀಗಿರುವಾಗ, ‘ನೀವು ಕೂತಿರಿ, ಗೋಡೆಗಳು ದುಡಿಯಲಿ’ ಎಂಬ ಶೀರ್ಷಿಕೆಯ ಒಂದು ದಿನದ ಕಾರ್ಯಾಗಾರಕ್ಕೆ ಅವರು ಶುಲ್ಕ ಕಟ್ಟಿ ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ. ಅದನ್ನು ನಡೆಸುತ್ತಿದ್ದವರನ್ನು ಎಲ್ಲರೂ ಆಸ್ತಿ ಗುರುಗಳು ಎನ್ನುತ್ತಿದ್ದರು. ಒಂದೇ ಒಂದು ಕೋಣೆಯಿಂದ ಆರಂಭಿಸಿ ಇಂದು ನಲವತ್ತು ಮನೆಗಳ ಒಡೆಯರಾಗಿದ್ದಾರೆಂಬುದು ಅವರ ಬಗ್ಗೆ ಇದ್ದ ಐತಿಹ್ಯ. ಆ ನಲವತ್ತು ಮನೆಗಳನ್ನು ಕಣ್ಣಾರೆ ಕಂಡವರು ಸಭೆಯಲ್ಲಿರಲಿಲ್ಲ; ಕಂಡವರನ್ನು ಕಂಡವರು ಬೇಕಾದಷ್ಟಿದ್ದರು.

ಕಾಂಪೌಂಡರು ಹದಿನೆಂಟು ವರ್ಷ ಕಂತು ಕಟ್ಟಿ ತಮ್ಮದಾಗಿಸಿಕೊಂಡಿದ್ದ ಮನೆಯನ್ನು ಪುನಃ ಅಡವಿಟ್ಟು, ಆ ಸಾಲದಲ್ಲಿ ಮಹಡಿಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ ಕಟ್ಟಿಸಿದರು. ಬಾಡಿಗೆ ಬಂದರೆ ಕಂತು ತೀರುತ್ತದೆ, ಕಂತು ತೀರಿದರೆ ಕೂರಬಹುದು. ಬಾರದಿದ್ದರೆ ಇರುವ ಮನೆಯೂ ಹೋಗುತ್ತದೆ. ಲೆಕ್ಕ ಸರಳವಾಗಿತ್ತು.

“ಇರೋ ಮನೆ ಒತ್ತೆ ಇಟ್ಟು ಬರದೇ ಇರೋ ಬಾಡಿಗೆ ಎಣಿಸ್ತಾ ಕೂತ್ಕೊಳ್ತೀರಾ?” ಎಂದರು ಹೆಂಡತಿ.

“ಕೂತ್ಕೊಳ್ಳೋದೇ ಕಣೇ ನನಗೆ ಬೇಕಾಗಿರೋದು,” ಎಂದರು ಕಾಂಪೌಂಡರು.

ಬೋರ್ಡು ಬರೆಯುವವನು ಅಕ್ಷರಕ್ಕಿಷ್ಟು ಎಂದು ದರ ಹೇಳಿದ. ‘ಮಹಡಿಯ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡಲಾಗುವುದು’ ಎಂಬುದು ಕಾಂಪೌಂಡರು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದ ವಾಕ್ಯ. ಅನಗತ್ಯ ಖರ್ಚನ್ನು ಮೊಳಕೆಯಲ್ಲೇ ಚಿವುಟಬೇಕೆಂಬುದು ಗುರುಗಳ ಮೂರನೆಯ ಸೂತ್ರವಾದ್ದರಿಂದ ‘ಮಹಡಿಯ ಎರಡು ಕೋಣೆಗಳನ್ನು’ ಎಂಬಲ್ಲಿ ‘ಮನೆ’ ಎಂದಾಯಿತು. ಬೋರ್ಡಿನವನು ಇನ್ನೂ ಒಂದು ಉಳಿತಾಯ ತೋರಿಸಿಕೊಟ್ಟ.

“ಸಾರ್, ಇಲ್ನೋಡಿ. ಗೆ ಆದ್ಮೇಲೆ ಇನ್ನೊಂದು ಗೆ. ಓದೋರಿಗೆ ತೊದಲಿದ ಹಾಗೆ ಕೇಳ್ಸುತ್ತೆ. ಒಂದು ಸಾಕಲ್ವಾ?”

“ಅರ್ಥ ಆಗುತ್ತಾ?”

“ಬುದ್ಧಿ ಇರೋರಿಗೆ ಅರ್ಧ ಅಕ್ಷರ ಸಾಕು ಸಾರ್.”

ಹೀಗೆ, ‘ಮನೆ ಬಾಡಿಗೆ ಕೊಡಲಾಗುವುದು’ ಎಂಬ ಬೋರ್ಡು ಗೋಡೆಯೇರಿತು. ಬಾಡಿಗೆ ಸಂಬಂಧದ ಫಲಕಗಳನ್ನು ಏಳು ದಿನಗಳೊಳಗೆ ನೋಂದಾಯಿಸತಕ್ಕದ್ದೆಂದು ಪುರಸಭೆಯ ನಿಯಮವಿದೆ. ಆ ಬೀದಿಯಲ್ಲಿ ಅದನ್ನು ಪಾಲಿಸಿದವರು ಕಾಂಪೌಂಡರೊಬ್ಬರೇ.

ಎರಡು ತಿಂಗಳು ಯಾರೂ ಬರಲಿಲ್ಲ. ಮೂರನೆಯ ತಿಂಗಳು ಒಬ್ಬರು ಬಂದು ಬೋರ್ಡಿನೆದುರು ನಿಂತರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಇನ್ನೊಮ್ಮೆ ಓದಿದರು. ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವರ ಕಸುಬು.

“ಇಲ್ಲಿ ಬರೆದಿರೋದು ನಿಜಾನಾ?”

“ಅಕ್ಷರಶಃ ನಿಜ,” ಎಂದರು ಕಾಂಪೌಂಡರು.

“ಎಷ್ಟು?”

“ತಿಂಗಳಿಗೆ ಎಂಟು ಸಾವಿರ. ಒಂದನೇ ತಾರೀಖು ಅಂದ್ರೆ ಒಂದನೇ ತಾರೀಖು. ತಡ ಆಗೋ ಹಾಗಿಲ್ಲ.”

“ಅಷ್ಟು ಶಿಸ್ತು ಇದ್ರೆ ಒಳ್ಳೇದೇ.”

“ಬಿಡಿಗಾಸೂ ಕಡಿಮೆ ಆಗಲ್ಲ, ಮೊದಲೇ ಹೇಳಿಬಿಡ್ತೀನಿ.”

“ಕಡಿಮೆ ಮಾಡಿ ಅಂತ ನಾನೆಲ್ಲಿ ಕೇಳಿದೆ ಸಾರ್?”

ಇಂಥ ಸಂಭಾವಿತರು ದೀಪ ಹಿಡಿದು ಹುಡುಕಿದರೂ ಸಿಗುವುದಿಲ್ಲವೆಂದುಕೊಂಡು ಕಾಂಪೌಂಡರು ಬೀಗದ ಕೈ ಕೊಟ್ಟರು. ಮುಂಗಡದ ಮಾತೆತ್ತಿದಾಗ ಕರಡಿನವರು, “ಅವಸರ ಏನಿಲ್ಲ, ನಿಧಾನವಾಗಿ ಆಗ್ಲಿ” ಎಂದರು. ಸಾಲಗಾರನಿಗೆ ಸಮಾಧಾನ ಹೇಳಿದಂತಿದ್ದ ಆ ಧಾಟಿ ಕಾಂಪೌಂಡರಿಗೆ ವಿಚಿತ್ರವೆನಿಸಿತು. ಆದರೆ ಮೊದಲ ಬಾಡಿಗೆದಾರನನ್ನು ಬೆದರಿಸಬಾರದೆಂಬುದು ಗುರುಗಳ ಐದನೆಯ ಸೂತ್ರ.

ಒಂದನೆಯ ತಾರೀಖು ಬೆಳಿಗ್ಗೆ ಕಾಂಪೌಂಡರು ಮೆಟ್ಟಿಲು ಹತ್ತಿದರು, ಕರಡಿನವರು ಇಳಿದರು. ಏಳನೆಯ ಮೆಟ್ಟಿಲಿನಲ್ಲಿ ಇಬ್ಬರೂ ಎದುರಾಗಿ, ಇಬ್ಬರೂ ಕೈ ಚಾಚಿದರು.

“ಕೊಡಿ,” ಎಂದರು ಕಾಂಪೌಂಡರು.

“ನೀವು ಕೊಡಿ.”

“ನನ್ನ ಮನೇಲಿರೋದು ನೀವು ಕಣ್ರೀ!”

“ಇರೋದಕ್ಕೇ ಅಲ್ವಾ ಸಾರ್ ಬಾಡಿಗೆ ಕೊಡ್ತೀನಿ ಅಂತ ನೀವು ಬರೆಸಿರೋದು? ‘ಕೊಡಲಾಗುವುದು’, ಕರ್ಮಣಿ ಪ್ರಯೋಗ. ಯಾರಿಂದ? ಬೋರ್ಡು ಯಾರ ಗೋಡೆ ಮೇಲಿದೆಯೋ ಅವರಿಂದ.”

“ಅದು ತಪ್ಪು ಅಂತ ನಿಮಗೆ ಗೊತ್ತಿತ್ತು!”

“ಗೊತ್ತಿಲ್ದೆ ಏನು? ತಪ್ಪು ತಿದ್ದೋದೇ ನನ್ನ ಕೆಲಸ. ಪುಟಕ್ಕಿಷ್ಟು ಅಂತ ತಗೋತೀನಿ. ನೀವು ತಿದ್ದಿ ಅಂತ ಹೇಳ್ಲೇ ಇಲ್ಲ.”

ವ್ಯಾಜ್ಯ ಪುರಸಭೆಯ ಬಾಡಿಗೆ ವಿಭಾಗಕ್ಕೆ ಹೋಯಿತು. ಅಲ್ಲಿ ಒಂದು ಮೇಜು, ಮೇಜಿಗಿಂತ ಎತ್ತರದ ಕಡತಗಳು, ಅವುಗಳ ಹಿಂದೆ ಒಬ್ಬ ಗುಮಾಸ್ತೆ ಇದ್ದರು. ಬಂದವರು ನಿಂತೇ ಮಾತಾಡಲೆಂದು ಎದುರಿನ ಕುರ್ಚಿಯ ಮೇಲೂ ಕಡತಗಳನ್ನೇ ಕೂರಿಸಲಾಗಿತ್ತು. ಗುಮಾಸ್ತೆ ನೋಂದಣಿ ಪುಸ್ತಕ ತೆರೆದು ಬೆರಳಿಟ್ಟು ಓದಿದರು.

“ಯಜಮಾನ್ರೇ, ನಿಮ್ಮ ಬೋರ್ಡು ನೋಂದಣಿ ಆಗಿದೆ. ನೋಂದಣಿ ಆದ ಬೋರ್ಡು ಕರಾರಿಗೆ ಸಮ. ಬಾಡಿಗೆ ಕೊಡ್ಲೇಬೇಕು.”

“ನೋಂದಣಿ ಮಾಡಿಸದೇ ಇದ್ದಿದ್ರೆ ಮೇಡಂ?”

“ಆಗ ಇದು ಬರೀ ಬೋರ್ಡು. ನಿಯಮ ಪಾಲಿಸಿದ್ದೀರಲ್ಲ, ಅದಕ್ಕೇ ನಿಮಗೆ ಅನ್ವಯ ಆಗ್ತಿದೆ.”

“ಒಂದು ‘ಗೆ’ ಬಿಟ್ಟುಹೋಗಿದೆ. ಸೇರಿಸಿಬಿಡ್ತೀನಿ.”

“ಅಕ್ಷರ ತೆಗೆಯೋದಕ್ಕೆ ನಮೂನೆ ಇದೆ, ಹನ್ನೆರಡನೇ ನಂಬರು. ಸೇರಿಸೋದಕ್ಕೆ ನಮೂನೆ ಇಲ್ಲ. ಬೇಕಾದ್ರೆ ನಮೂನೆ ಬೇಕು ಅಂತ ಒಂದು ಅರ್ಜಿ ಕೊಡಿ.”

“ಆ ಅರ್ಜಿಗೆ ನಮೂನೆ?”

“ಬಿಳಿ ಹಾಳೇಲಿ ಬರೀರಿ,” ಎಂದರು ಗುಮಾಸ್ತೆ ಉದಾರವಾಗಿ. “ಅಲ್ಲಿವರೆಗೂ ಬಾಡಿಗೆ ನಿಲ್ಲಿಸಬೇಡಿ. ನಿಲ್ಲಿಸಿದ್ರೆ ದಂಡ ಬೀಳುತ್ತೆ.”

ಕಾಂಪೌಂಡರು ಅರ್ಜಿ ಬರೆದರು, ಬಾಡಿಗೆಯನ್ನೂ ಕೊಟ್ಟರು. ಒಂದು ಕಡೆ ಕಂತು, ಇನ್ನೊಂದು ಕಡೆ ಬಾಡಿಗೆ. ಎರಡನ್ನೂ ಸರಿದೂಗಿಸಲು ಅಂಗಡಿಯಲ್ಲಿ ಎರಡನೆಯ ಪಾಳಿಗೂ ನಿಲ್ಲತೊಡಗಿದರು. ಕರಡಿನವರು ಪ್ರತಿ ತಿಂಗಳೂ ರಶೀದಿ ಕೊಟ್ಟರು. ಅದರಲ್ಲಿ ಒಂದೇ ಒಂದು ಅಕ್ಷರದೋಷವೂ ಇರುತ್ತಿರಲಿಲ್ಲ.

“ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರೋದು ಕೇಳಿದ್ದೆ,” ಎಂದರು ಹೆಂಡತಿ. “ಗೆದ್ದಲು ತಿಂಗಳು ತಿಂಗಳು ಹಾವಿಗೆ ಕಪ್ಪ ಕೊಡೋದು ಇದೇ ಮೊದಲು.”

ಒಂಬತ್ತನೆಯ ತಿಂಗಳು ವಾರ್ಷಿಕ ತಪಾಸಣೆ ಬಂತು. ಗುಮಾಸ್ತೆ ಒಂಬತ್ತು ರಶೀದಿಗಳನ್ನೂ ಜೋಡಿಸಿ ನೋಡಿ, ವಾರದೊಳಗೆ ಈ ಕೆಳಗಿನ ಪ್ರಕಟಣೆಯನ್ನು ಮನೆಯ ಬಾಗಿಲಿಗೆ ಅಂಟಿಸಿದರು:

‘ಸಂಬಂಧಪಟ್ಟವರೆಲ್ಲರ ಗಮನಕ್ಕೆ. ಬಾಡಿಗೆ ಕೊಡುವವರು ಬಾಡಿಗೆದಾರರು. ಬಾಡಿಗೆ ಪಡೆಯುವವರು ಮಾಲೀಕರು. ಇದಕ್ಕೆ ವ್ಯತಿರಿಕ್ತವಾದ ವಾಸ್ತವಗಳನ್ನು ಈ ಮೂಲಕ ರದ್ದುಪಡಿಸಲಾಗಿದೆ.’

ಕಾಂಪೌಂಡರು ಕಚೇರಿಗೆ ಓಡಿದರು.

“ಮೇಡಂ, ಮೇಲಿನ ಎರಡು ಕೋಣೆ ಹೋಗಲಿ. ಕೆಳಗಿನದ್ದು ನಾವು ಹದಿನೆಂಟು ವರ್ಷದಿಂದ ಇರೋ ಮನೆ!”

“ಬೋರ್ಡಲ್ಲಿ ಕೋಣೆ ಅಂತ ಇಲ್ವಲ್ಲ, ಬಾಡಿಗೆದಾರ್ರೇ. ‘ಮನೆ’ ಅಂತಿದೆ. ಮನೆ ಅಂದ್ರೆ ಮೇಲೆ ಕೆಳಗೆ ಎಲ್ಲಾ ಸೇರಿ.”

‘ಯಜಮಾನ್ರೇ’ ಎಂಬುದು ‘ಬಾಡಿಗೆದಾರ್ರೇ’ ಎಂದಾದದ್ದನ್ನು ಕಾಂಪೌಂಡರು ಗಮನಿಸಿದರು. ಅದನ್ನು ಆಕ್ಷೇಪಿಸಲೂ ನಮೂನೆ ಬೇಕಾಗಬಹುದೆಂದು ಮುಂದಿನ ಮಾತಿಗೆ ಹೋದರು.

“ಹಾಗಾದ್ರೆ ಸಾಲ?”

“ಸಾಲ ನಿಮ್ಮ ಹೆಸರಲ್ಲೇ ಇರುತ್ತೆ. ಭಯ ಬೇಡ, ಅದನ್ನ ನಿಮ್ಮಿಂದ ಯಾರೂ ಕಿತ್ಕೊಳ್ಳಲ್ಲ.”

ಸುದ್ದಿ ಬೀದಿಯಲ್ಲಿ ಹರಡಿತು. ಮೊದಲ ದಿನ ಎಲ್ಲರೂ ಅಯ್ಯೋ ಎಂದರು. ಎರಡನೆಯ ದಿನ, ಹಿಂದೆ ಕಾಂಪೌಂಡರನ್ನು ಕೇಳುತ್ತಿದ್ದ ಕಸ, ಚರಂಡಿ, ಗೇಟಿನ ವಿಷಯಗಳನ್ನು ಮೇಲೆ ಹೋಗಿ ಕೇಳತೊಡಗಿದರು. ತಿಂಗಳೊಳಗೆ ಆಸ್ತಿ ಗುರುಗಳ ಹೊಸ ಕಾರ್ಯಾಗಾರದ ಭಿತ್ತಿಪತ್ರಗಳು ಬಂದವು. ಮುಖ್ಯ ಭಾಷಣಕಾರರಾಗಿ ಕರಡಿನವರ ಭಾವಚಿತ್ರ. ಅಡಿಯಲ್ಲಿ, ‘ಬಿಡಿಗಾಸಿನ ಬಂಡವಾಳವಿಲ್ಲದೆ ಮನೆಯೊಡೆಯರಾದವರು’. ಬಾಡಿಗೆದಾರರಿಗೆ ಪ್ರವೇಶ ಶುಲ್ಕದಲ್ಲಿ ರಿಯಾಯಿತಿಯಿತ್ತು. ಕಾಂಪೌಂಡರು ಹೋಗಿ ಹಿಂದಿನ ಸಾಲಿನಲ್ಲಿ, ಕುರ್ಚಿ ಸಿಗದೆ, ನಿಂತು ಕೇಳಿದರು. ಗುರುಗಳು ಒಂದು ಕೋಣೆಯಿಂದ ನಲವತ್ತು ಮನೆಗಳಾದ ಕಥೆಯನ್ನು ಪುನಃ ಹೇಳಿದಾಗ ಕಾಂಪೌಂಡರಿಗೆ ಯಾವ ಅನುಮಾನವೂ ಉಳಿದಿರಲಿಲ್ಲ. ನಲವತ್ತು ಮನೆಗಳು ಖಂಡಿತ ಇದ್ದಿರಬೇಕು. ಜೊತೆಗೆ ನಲವತ್ತು ಕಾಂಪೌಂಡರುಗಳೂ. ಸಭೆ ಚಪ್ಪಾಳೆ ತಟ್ಟಿತು, ಅವರೂ ತಟ್ಟಿದರು.

ಮುಂದಿನ ಭಾನುವಾರ ಮಧ್ಯಾಹ್ನ ಅಡುಗೆಮನೆಯ ನಲ್ಲಿ ಸೋರತೊಡಗಿತು. ಕಾಂಪೌಂಡರು ಹಳೆಯ ಅಭ್ಯಾಸದಂತೆ ಸ್ಪ್ಯಾನರು ಹುಡುಕಿದರು.

“ನೀವ್ಯಾಕ್ರೀ ಕೈ ಹಾಕ್ತೀರಿ?” ಎಂದರು ಹೆಂಡತಿ. “ನಾವು ಬಾಡಿಗೆಯವರು. ಹೋಗಿ ಓನರಿಗೆ ಹೇಳಿ.”

ಕಾಂಪೌಂಡರು ಸ್ಪ್ಯಾನರು ಕೆಳಗಿಟ್ಟು, ಅಂಗಿಯ ಗುಂಡಿ ಸರಿಪಡಿಸಿಕೊಂಡು, ಮೆಟ್ಟಿಲು ಹತ್ತಿ, ಬಾಗಿಲು ಮೆಲ್ಲಗೆ ತಟ್ಟಿದರು. ಸ್ವಲ್ಪ ಹೊತ್ತಿಗೆ ಇಳಿದು ಬಂದರು.

“ಏನಂದ್ರು?”

“ನೋಡೋಣ ಅಂದ್ರು. ಮುಂದಿನ ವಾರ ನೆನಪು ಮಾಡ್ಬೇಕಂತೆ.”

“ಪರವಾಗಿಲ್ಲ, ಒಳ್ಳೆಯವ್ರು. ಕೆಲವು ಮಾಲೀಕರು ಬಾಗಿಲೇ ತೆಗೆಯಲ್ಲ,” ಎನ್ನುತ್ತ ಹೆಂಡತಿ ನಲ್ಲಿಯ ಕೆಳಗೆ ಬಕೆಟ್ಟು ಸರಿಸಿದರು.

ಹನಿ ಒಂದೇ ಸಮನೆ ಬೀಳುತ್ತಿತ್ತು. ಮೊದಲಾಗಿದ್ದರೆ ಆ ಸದ್ದಿಗೆ ಕಾಂಪೌಂಡರ ಎದೆ ಒಡೆಯುತ್ತಿತ್ತು. ಈಗ ಸೋರುತ್ತಿರುವುದು ಮಾಲೀಕರ ನೀರಾದ್ದರಿಂದ, ಎರಡನೆಯ ಪಾಳಿಯ ಹೊತ್ತಾಗುವವರೆಗೂ ಗಂಡ ಹೆಂಡತಿ ಇಬ್ಬರಿಗೂ ಗಾಢವಾದ ನಿದ್ದೆ ಬಂತು.