ಫಕೀರವ್ವನ ಮೆಂತೇವಿಜಯ

ಕೃತಯುಗದಲ್ಲಿ ಸಮುದ್ರ ಕಡೆದರು, ತ್ರೇತೆಯಲ್ಲಿ ಸೇತುವೆ ಕಟ್ಟಿದರು, ದ್ವಾಪರದಲ್ಲಿ ಹದಿನೆಂಟು ದಿನ ಕಾದಿದರು. ಸಂತೆಯಲ್ಲಿ ತಕ್ಕಡಿ ಹೋಗಿ ಮಷಿನ್ನು ಬಂದ ಈ ಕಲಿಯುಗದಲ್ಲಿ ಗದಗಿನ ಒಂದು ಓಣಿಯೊಳಗೆ ನಡೆದದ್ದನ್ನು ಮಾತ್ರ ಯಾರೂ ಹಾಡಲಿಲ್ಲ. ಕೇಳಿರಿ.

ನಲವತ್ತು ಸಂವತ್ಸರ ಗೋಣಿತಟ್ಟೆಂಬ ಸಿಂಹಾಸನವನ್ನು ಬಿಡದವಳು, ಮೆಂತೆ-ರಾಜಗಿರಿ-ಸಬ್ಬಸಿಗೆ-ಸಾಮ್ರಾಜ್ಯದ ಒಡತಿ, ಶುಷ್ಕಪರ್ಣಸಂಜೀವಿನಿ, ಗ್ರಾಹಕಗರ್ವಭಂಜನಿ ಫಕೀರವ್ವ, ಮೊಣಕಾಲು ಕೈಕೊಟ್ಟ ಮೇಲೆ ಮನೆ ಸೇರಿ, ಹೊತ್ತು ಹೋಗದೆ, ನೆರೆಮನೆಯ ನಿವೃತ್ತ ಡ್ರಾಯಿಂಗ್ ಮಾಸ್ತರ ಈರಬಸಪ್ಪನವರ ಕಟ್ಟೆಯ ಮೇಲೆ ಜಲವರ್ಣವಿದ್ಯೆಗೆ ಕೂತಳು.

ಅದನ್ನು ಕೇಳಿ ಕಟ್ಟೆಗೇ ಬಂದು ನಕ್ಕವಳು ತಿರಕವ್ವ. ಅದೇ ನಲವತ್ತು ಸಂವತ್ಸರ ಎರಡು ಮೊಳದಾಚೆ ಕೂತು ಅದೇ ಸೊಪ್ಪು-ತಪ್ಪಲನ್ನು ಮಾರಿದ ಪ್ರತಿವೀರೆ. ಫಕೀರವ್ವನ ಮೆಂತೆ ಯಾವಾಗಲೂ ಬಾಡಿದ್ದೇ ಎಂಬುದು ಆಕೆಯ ಅನುದಿನದ ಶಂಖನಾದವಾಗಿತ್ತು. ಆಗ ಫಕೀರವ್ವ, ತುಂಬಿದ ಸಭೆ ನಡುಗುವಂತೆ (ಸಭೆಯಲ್ಲಿ ಮಾಸ್ತರರೂ ಒಂದು ಬೆಕ್ಕೂ ಇದ್ದರು) ಪ್ರತಿಜ್ಞೆಗೈದಳು:

"ನಾ ಮೆಂತೆ ಬಿಡಸ್ತೀನಿ. ನೋಡಿದ ಕೂಡ್ಲೇ ನೀನ ಮೆಂತೆ ಅನ್ನಬೇಕು. ಅನ್ನಲಿಲ್ಲಂದ್ರ, ನಲವತ್ತ ವರ್ಸ ನಿನ್ನ ತಪ್ಪಲನ ಚಲೋ ಇತ್ತಂತ ಓಣಿ ಮಂದಿ ಮುಂದ ಒಪ್ಕೊಂತೀನಿ."

ಅದನ್ನು ಒಪ್ಪಿಕೊಳ್ಳುವುದಕ್ಕಿಂತ ಉಳಿದ ಮೊಣಕಾಲೂ ಹೋಗುವುದು ಲೇಸೆಂದು ಆಕೆಗೆ ಗೊತ್ತಿತ್ತು.

ನಕಲು ಮಾಡಲೆಂದು ಮಾಸ್ತರರು ಮುಂದಿಟ್ಟದ್ದೋ, ದೂರದೇಶದ ಸಂತೆಯ ಚಿತ್ರ: ಆಕಾಶ ಕೆಂಪು, ತಕ್ಕಡಿ ಸೊಟ್ಟ, ಹೆಂಗಸರ ಮುಖ ಹಸಿರು. ಇವರಿಗೆಲ್ಲ ಕಾಮಣಿ ರೋಗ ಆಗಿದೆಯೇನೆಂದು ಆಕೆ ಕೇಳಿದಳು. ಬರೆದವನು ಕಣ್ಣಿಗೆ ಕಂಡದ್ದನ್ನಲ್ಲ, ಎದೆಗೆ ತಟ್ಟಿದ್ದನ್ನು ಬರೆದಿದ್ದಾನೆ ಎಂದು ಅವರು ತಿಳಿಹೇಳಿದರು. ಫಕೀರವ್ವ ಬಹಳ ಹೊತ್ತು ನೋಡಿದಳು. ಚೈತ್ರದ ಮಧ್ಯಾಹ್ನ, ಕಾದ ತಗಡಿನ ಕೆಳಗೆ, ಮಾರದೆ ಉಳಿದ ತಪ್ಪಲಿನ ಮುಂದೆ ತಿರಕವ್ವನ ಮುಖ ಇದೇ ಬಣ್ಣಕ್ಕೆ ತಿರುಗುತ್ತಿತ್ತು. ತನ್ನದೂ ತಿರುಗಿರಬೇಕು.

ಮೂರು ದಿನ ಕದನ ನಡೆಯಿತು. ನೀರೆಂಬ ಮಾಯಾವಿ ಕೆಂಪು ಆಕಾಶವನ್ನು ಹೆಂಗಸರ ಹಣೆಗಿಳಿಸಿದರೆ, ಫಕೀರವ್ವ ಅರಿವೆಯ ತುಂಡೆಂಬ ಗುರಾಣಿಯೊತ್ತಿ ತಡೆದಳು. ಒಂದು ಬಣ್ಣ ಒಣಗದೆ ಇನ್ನೊಂದನ್ನು ಹಚ್ಚಬಾರದೆಂದು ಗುರುವಿನ ಅಪ್ಪಣೆ. ನಲವತ್ತು ವರ್ಷ ತಪ್ಪಲು ಒಣಗದಂತೆ ಕಾದವಳಿಗೆ, ಒಣಗಲೆಂದು ಕಾಯುವುದು ಘೋರ ತಪಸ್ಸಾಯಿತು. ಕಡೆಗೂ ಮೂಲದಲ್ಲಿ ಎಲೆಕೋಸಿದ್ದ ಎಡಮೂಲೆಯಲ್ಲಿ ಮೆಂತೆಯ ಸೂಡುಗಳು ಕಟ್ಟು ಕಟ್ಟಾಗಿ ಎದ್ದು ನಿಂತವು, ಕಡ್ಡಿಗೆ ಮೂರು ಮೂರು ಎಲೆ.

ತಿರಕವ್ವ ಬಂದಳು. ಮಾಸ್ತರರು ಚಹಾ ತರಲು ಒಳಗೆ ಹೋಗಿದ್ದರು. ಆಕೆ ಚಾಳೀಸು ಮೂಗಿಗೇರಿಸಿ, ಹಾಳೆಯ ಮೇಲೆ ಬಾಗಿದಳು.

"ಮೆಂತೆ, ಖರೆ," ಎಂದಳು.

ವಿಜಯಲಕ್ಷ್ಮಿ ಮಾಲೆಯೆತ್ತಿದಳು.

"ಆದ್ರ ಬಾಡೇತಿ."

ಫಕೀರವ್ವನ ಬಲಗೈ ಆಕೆಯನ್ನು ಕೇಳಲಿಲ್ಲ. ಕುಂಚ ತೊಳೆಯುವ ಚರಿಗೆಯಲ್ಲಿ ತಾನೇ ಅದ್ದಿಕೊಂಡು, ನಲವತ್ತು ವರ್ಷ ಮಾಡಿದಂತೆಯೇ, ಮೆಂತೆಯ ಮೇಲೆ ಮೂರು ಸಲ ನೀರು ಚಿಮುಕಿಸಿತು.

ಮೆಂತೆ ಹರಿಯಿತು. ತಕ್ಕಡಿ ಮುಳುಗಿತು. ಸಂತೆಯ ಹೆಂಗಸರು ಒಬ್ಬರೊಳಗೊಬ್ಬರು ಸೇರಿಹೋದರು.

"ನೀ ಮೆಂತೆ ಅಂದಿ," ಎಂದಳು ಫಕೀರವ್ವ.

"ಎಲ್ಲೈತಿ ಮೆಂತೆ? ತೋರಸು."

ಚಹಾ ತಂದ ಮಾಸ್ತರರು ಏನನ್ನೂ ಕೇಳಿರಲಿಲ್ಲ. ಬೆಕ್ಕು ಕೇಳಿತ್ತು.

ಸಾಕ್ಷಿಯಿಲ್ಲದ ಗೆಲುವು ಸೋಲೇ ಎಂದು ಬಗೆದ ಸತ್ಯಸಂಧೆ ಫಕೀರವ್ವ ಮರುದಿನ ಮುಂಜಾನೆ ತಲೆ ಬಾಚಿ, ಬೇರೆ ಸೀರೆ ಉಟ್ಟು, ಓಣಿಯ ಮುಂದೆ ಒಪ್ಪಿಕೊಳ್ಳಲು ಬಾಗಿಲು ತೆಗೆದಳು. ಹೊಸ್ತಿಲಾಚೆ ತಿರಕವ್ವ ನಿಂತಿದ್ದಳು, ಕೈಯಲ್ಲಿ ಹಸಿ ಮೆಂತೆಯ ಸೂಡು.

"ಇದನ್ನ ಮುಂದ ಇಟ್ಕೊಂಡ ಬಿಡಸು. ನೀರ ಗೊಡವಿಗೆ ಹೋಗಬ್ಯಾಡ ಮತ್ತ."

ಆದರೆ ಮೊದಲ ಬಣ್ಣ ಒಣಗುವುದರೊಳಗೆ ಬಿಸಿಲೇರಿ ಮೆಂತೆ ಬಾಡತೊಡಗಿತು. ನೀರು ಚಿಮುಕಿಸುವಂತಿರಲಿಲ್ಲ. ಇಬ್ಬರೂ ಅದನ್ನೇ ನೋಡಿದರು. ಆಮೇಲೆ ನಿನ್ನೆಯ ಮಹಾಚಿತ್ರವನ್ನು, ಎಲೆ ಕಿತ್ತ ಕಡ್ಡಿ ಹಾಕಲೆಂದು, ನಡುವೆ ಹಾಸಿಕೊಂಡರು.

ಮಧ್ಯಾಹ್ನ ಮಾಸ್ತರರು ಗೋಡೆಯಾಚೆಯಿಂದ, ಮೆಂತೆ ಬಿಡಿಸುವುದು ಮುಗಿಯಿತೇ ಎಂದು ಕೇಳಿದರು.

"ಬಿಡಿಸಿದ್ವಿರೀ ಮಾಸ್ತರ," ಎಂದಳು ತಿರಕವ್ವ. "ರೊಟ್ಟಿ ಆಗೂದೊಂದ ಬಾಕಿ."