ಕತ್ತರಿಯಣ್ಣನ ಲ್ಯಾಪ್‌ಟಾಪ್ ವ್ಯಾಪಾರ

ಕನ್ನಡಿ ಒರೆಸಿ ಒರೆಸಿ ಪಳಗಿದ ಕೈ ಸುಮ್ಮನಿರುವುದಿಲ್ಲ. ಕತ್ತರಿಯಣ್ಣನಿಗೆ ಆ ದಿನ ಬಂದ ಫಜೀತಿಗೆಲ್ಲ ಅದೇ ಮೂಲ.

ಬೀದಿಯ ತಿರುವಿನಲ್ಲಿ ಅವನದೊಂದು ಕ್ಷೌರದಂಗಡಿ. ಒಂದೇ ಕುರ್ಚಿ, ಎದುರಿಗೊಂದು ಕನ್ನಡಿ, ಕಾಯುವವರಿಗೊಂದು ಬೆಂಚು. ಕತ್ತರಿಗಿಂತ ಅವನ ನಾಲಿಗೆಯೇ ಚುರುಕು ಎಂದು ಗಿರಾಕಿಗಳು ಹೇಳುತ್ತಿದ್ದರು. ಅವನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ.

ಬೆಳಿಗ್ಗೆ ಅವನು ಅಂಗಡಿಗೆ ಹೊರಡುವಾಗ ಮಗಳ ಲ್ಯಾಪ್‌ಟಾಪ್ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಪರದೆಯ ತುಂಬ ಧೂಳು, ಬೆರಳ ಗುರುತು. ಮಗಳು ಸ್ನಾನಕ್ಕೆ ಹೋಗಿದ್ದಳು. ಕತ್ತರಿಯಣ್ಣ ಚೀಲದಿಂದ ಗಿರಾಕಿಗಳ ತಲೆಗೆ ನೀರು ಚಿಮುಕಿಸುವ ಬಾಟಲಿ ತೆಗೆದು ಪರದೆಗೆ ಪುಸ್ ಪುಸ್ ಎಂದು ಹೊಡೆದ. ಹೇಗೂ ಕೈ ಹಾಕಿದ್ದಾಗಿದೆ ಎಂದು ಕೆಳಗಿನ ಗುಂಡಿಗಳಿಗೂ ಧಾರಾಳವಾಗಿ ಹೊಡೆದು ಟವೆಲ್ಲಿನಿಂದ ಉಜ್ಜಿದ. ಪರದೆ ಕನ್ನಡಿಯಂತೆ ಹೊಳೆಯಿತು. ಅದರಲ್ಲಿ ಅವನ ಮುಖವೂ ಸ್ಪಷ್ಟವಾಗಿ ಕಂಡಿತು. ಯಾಕೆಂದರೆ ಅದರ ಹಿಂದಿದ್ದ ಬೆಳಕೆಲ್ಲ ಆರಿಹೋಗಿತ್ತು.

"ಏನಪ್ಪ ಮಾಡಿದೆ?" ಎಂದಳು ಒದ್ದೆ ತಲೆಯಲ್ಲೇ ಓಡಿಬಂದ ಮಗಳು.

"ಒರೆಸಿದೆ ಪುಟ್ಟಿ."

"ನೀರಿನಲ್ಲಾ?"

"ಬರೀ ನೀರಲ್ಲ. ಸ್ವಲ್ಪ ಗುಲಾಬಿ ನೀರೂ ಇದೆ."

ಎದುರು ಸಾಲಿನ ರಿಪೇರಿಯವನು ಅದನ್ನು ಬಿಚ್ಚಿ ನೋಡಿ, ಮೂಸಿಯೂ ನೋಡಿ, "ವಾಸನೆ ಚೆನ್ನಾಗಿದೆ, ಜೀವ ಇಲ್ಲ. ಇದನ್ನ ಸರಿ ಮಾಡೋ ದುಡ್ಡಿಗೆ ಇನ್ನೊಂದು ಬರುತ್ತೆ" ಎಂದು ವಾಪಸು ಕೊಟ್ಟ.

ಮಗಳು ಮರುದಿನವೇ ಕಾಲೇಜಿಗೆ ಒಂದು ವರದಿ ಒಪ್ಪಿಸಬೇಕಿತ್ತು. ಅವಳು ತನ್ನ ಪ್ರೊಫೆಸರಿಗೆ ಫೋನು ಮಾಡಿ, "ಸಾರ್, ಲ್ಯಾಪ್‌ಟಾಪ್ ಮೇಲೆ ನೀರು ಬಿತ್ತು ಸಾರ್, ವರದಿ ಪೂರ್ತಿ ಅದರಲ್ಲೇ ಇತ್ತು ಸಾರ್" ಎಂದು ಬಿಕ್ಕಿದಳು. ಪಕ್ಕದಲ್ಲಿ ನಿಂತ ಕತ್ತರಿಯಣ್ಣನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಪ್ರೊಫೆಸರು ಒಂದು ವಾರದ ಗಡುವು ಕೊಟ್ಟರು. ಫೋನು ಇಟ್ಟ ಕೂಡಲೇ ಮಗಳ ಕಣ್ಣೀರು ನಲ್ಲಿ ತಿರುಗಿಸಿದಂತೆ ನಿಂತಿತು.

"ಅಷ್ಟೂ ಹೋಯ್ತಾ ಪುಟ್ಟಿ?" ಎಂದ ಅವನು.

ಮಗಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅದರಲ್ಲಿ ಇದ್ದದ್ದು ಮುಖಪುಟ ಮಾತ್ರ ಅಪ್ಪ. ಒಳಗೆ ಒಂದಕ್ಷರ ಬರೆದಿರಲಿಲ್ಲ. ನೀನು ನೀರು ಹೊಡೆದಿದ್ದು ಒಳ್ಳೇದೇ ಆಯ್ತು. ಆದ್ರೆ ಯಾರಿಗೂ ಹೇಳಬೇಡ."

"ನಾನ್ಯಾಕೆ ಹೇಳಲಿ?" ಎಂದ ಕತ್ತರಿಯಣ್ಣ. ಅವನಿಗೆ ಗುಟ್ಟು ಹೇಳುವುದೂ ಜರಡಿಯಲ್ಲಿ ನೀರು ಹಿಡಿಯುವುದೂ ಒಂದೇ ಎಂದು ಇಡೀ ಬೀದಿಗೆ ಗೊತ್ತಿತ್ತು. ಮಗಳಿಗೂ ಗೊತ್ತಿತ್ತು. ಸಂತೋಷದಲ್ಲಿ ಮರೆತಿದ್ದಳು ಅಷ್ಟೆ.

ಹೆಂಡತಿಯದು ಮಾತ್ರ ಒಂದೇ ಮಾತು. "ಸಂಜೆಯೊಳಗೆ ಬೇರೆ ಲ್ಯಾಪ್‌ಟಾಪ್ ಮನೆಗೆ ಬರಬೇಕು. ಇಲ್ಲದಿದ್ರೆ ಆ ನೀರಿನ ಬಾಟಲಿ ಜೊತೆ ನೀವೂ ಅಂಗಡೀಲೇ ಇರಿ." ಅಂಗಡಿಗೆ ಎರಡನೆಯ ಕುರ್ಚಿ ತರಲೆಂದು ಕೂಡಿಟ್ಟಿದ್ದ ಹಣವನ್ನು ಅವಳೇ ತಂದು ಅವನ ಜೇಬಿಗೆ ತುರುಕಿದಳು. ಹೊಸ ಲ್ಯಾಪ್‌ಟಾಪಿಗೆ ಅದು ಸಾಲದು ಎಂದು ಇಬ್ಬರಿಗೂ ಗೊತ್ತಿತ್ತು.

ಅಂಗಡಿ ತೆರೆಯುತ್ತಿದ್ದಂತೆ ನಿವೃತ್ತ ಪೋಸ್ಟ್‌ಮಾಸ್ಟರ್ ಕುರ್ಚಿ ಹತ್ತಿ ಕೂತರು. ಪಕ್ಕದಂಗಡಿಯ ದರ್ಜಿ ದಿನದಂತೆ ಪೇಪರ್ ಓದಲು ಬೆಂಚಿಗೆ ಬಂದಿದ್ದ. ಕತ್ತರಿಯಣ್ಣ ಗುಟ್ಟನ್ನು ನುಂಗಿಕೊಂಡು ಮಿಕ್ಕಿದ್ದನ್ನೆಲ್ಲ ಹೇಳಿದ.

"ಭಾರ ನೋಡಿ ತಗೋ," ಎಂದರು ಪೋಸ್ಟ್‌ಮಾಸ್ಟರು, ಗಲ್ಲದ ನೊರೆಯ ನಡುವಿನಿಂದ. "ಹಗುರ ಇದ್ರೆ ಒಳಗೆ ಏನೂ ಇಲ್ಲ ಅಂತ ಅರ್ಥ. ಎಷ್ಟು ಪಾರ್ಸಲ್ ತೂಗಿದ್ದೀನಿ ನಾನು."

"ಭಾರ ಕಟ್ಕೊಂಡು ಏನ್ಮಾಡ್ತೀರಿ ಸಾರ್," ಎಂದ ದರ್ಜಿ. "ಅಂಚು ನೋಡ್ಬೇಕು. ಅಂಚು ಗಟ್ಟಿ ಇದ್ರೆ ಬಾಳಿಕೆ ಬರುತ್ತೆ."

"ನಿನಗೇನಯ್ಯ ಗೊತ್ತು, ಅದು ಪ್ಯಾಂಟಾ?"

"ಪಾರ್ಸಲ್ಲೂ ಅಲ್ವಲ್ಲ ಸಾರ್."

ಇಬ್ಬರ ನಡುವೆ ಕತ್ತರಿಯಣ್ಣನ ತಲೆ ಗೋಡೆಗಡಿಯಾರದ ಲೋಲಕದಂತೆ ಆಡುತ್ತಿತ್ತು. ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕಣ್ಣು ಪದೇ ಪದೇ ಬೀದಿಯ ಕಡೆ ಓಡುತ್ತಿತ್ತು. ಅಷ್ಟರಲ್ಲಿ ಜೇಬಿನ ಫೋನು ಕೂಗಿತು. ಮಗಳು, "ಸಿಕ್ತಾ ಅಪ್ಪ?" ಎಂದು ಕೇಳಲು. ಅವನು ಬೆಚ್ಚಿದ. ಕೈಯಲ್ಲಿದ್ದ ಕತ್ತಿಯೂ ಬೆಚ್ಚಿತು. ಪೋಸ್ಟ್‌ಮಾಸ್ಟರು ಯೌವನದಿಂದ ಸಾಕಿಕೊಂಡು ಬಂದಿದ್ದ ಮೀಸೆಯ ಎಡಭಾಗ ನೊರೆಯ ಸಮೇತ ಅವರ ಮಡಿಲಿಗೆ ಬಂದು ಕೂತಿತು.

ದರ್ಜಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ.

"ಬಲಗಡೆಯದನ್ನೂ ತೆಗೆದುಬಿಡಲಾ ಸಾರ್? ಸಮ ಆಗುತ್ತೆ," ಎಂದ ಕತ್ತರಿಯಣ್ಣ, ಬಹಳ ಮೆಲ್ಲಗೆ.

"ಮುಟ್ಟಿದ್ರೆ ನೋಡು. ಉಳಿದಿರೋ ಅರ್ಧನಾದ್ರೂ ಇರಲಿ." ಪೋಸ್ಟ್‌ಮಾಸ್ಟರು ಕರವಸ್ತ್ರವನ್ನು ಮೂಗಿನ ಕೆಳಗೆ ಬಿಗಿದು ಕಟ್ಟಿಕೊಂಡು ಎದ್ದರು. "ಆ ಲ್ಯಾಪ್‌ಟಾಪ್ ಬರೋವರೆಗೂ ನಿನ್ನ ಕೈಯಲ್ಲಿ ಯಾರ ಮುಖಕ್ಕೂ ಕ್ಷೇಮ ಇಲ್ಲ. ನಡಿ, ನಾನೇ ಬಂದು ಆರಿಸ್ತೀನಿ."

ದರ್ಜಿಯೂ ಅಳತೆ ಪಟ್ಟಿಯನ್ನು ಕೊರಳಲ್ಲೇ ಬಿಟ್ಟುಕೊಂಡು ಹೊರಟ. ಕತ್ತರಿಯಣ್ಣ ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ.

ದೊಡ್ಡ ಅಂಗಡಿಯ ಗಾಜಿನ ಬಾಗಿಲಲ್ಲಿ ಕಾವಲಿನವನು ಪೋಸ್ಟ್‌ಮಾಸ್ಟರ ಮುಖವಾಡವನ್ನು ಕಂಡು ಕೋಲು ಅಡ್ಡ ಹಿಡಿದ. "ಹಲ್ಲು ನೋವು" ಎಂದು ದರ್ಜಿ ಸುಳ್ಳು ಹೇಳಿ ಒಳಗೆ ಕರೆದೊಯ್ದ. ಮಾರಾಟದವನು ಬಂದು ರ್‍ಯಾಮು, ಪ್ರೊಸೆಸರು, ಜಿಬಿ ಎಂದು ಉಸಿರು ತೆಗೆಯದೆ ಹೇಳತೊಡಗಿದ. ಕತ್ತರಿಯಣ್ಣ ಪ್ರತಿಯೊಂದಕ್ಕೂ ತಲೆಯಾಡಿಸಿ ಕೊನೆಗೆ, "ನೀರು ಬಿದ್ರೆ ತಡೆಯುತ್ತಾ?" ಎಂದ.

"ನೀರು ಯಾಕೆ ಸಾರ್ ಬೀಳುತ್ತೆ?"

"ಬೀಳುತ್ತಪ್ಪ. ಮನೆ ಅಂದಮೇಲೆ ಎಲ್ಲ ಇರುತ್ತೆ."

ಪೋಸ್ಟ್‌ಮಾಸ್ಟರು ಒಂದೊಂದನ್ನೇ ಎತ್ತಿ ಅಂಗೈ ಮೇಲೆ ತೂಗಿ, "ಇದು ಟೊಳ್ಳು, ಇದೂ ಟೊಳ್ಳು" ಎಂದು ಕೆಳಗಿಡುತ್ತ ಹೋದರು. ದರ್ಜಿ ಒಂದರ ಅಂಚನ್ನು ಎರಡು ಬೆರಳಿನಿಂದ ಹಿಸುಕಿ, ಮುಚ್ಚಳದ ಬಿಗಿ ನೋಡಲು ಹಿಂದಕ್ಕೆ ಬಗ್ಗಿಸಿದ. ಮುಚ್ಚಳ ನಿಲ್ಲಲೇ ಇಲ್ಲ. ಹಿಂದೆ ಹೋಗಿ, ಇನ್ನೂ ಹಿಂದೆ ಹೋಗಿ, ಬೆನ್ನಿಗೆ ಬೆನ್ನು ಅಂಟಿಕೊಂಡಿತು. ಕತ್ತರಿಯಣ್ಣನ ಕೈ ತಾನಾಗಿ ಜೇಬಿಗೆ ಹೋಯಿತು.

"ಹೆದರಬೇಡಿ ಸಾರ್, ಇದು ಹಾಗೆ ಮಡಚೋ ಜಾತಿಯದ್ದೇ," ಎಂದ ಮಾರಾಟದವನು ನಗುತ್ತ, ಬೆಲೆ ಹೇಳಿದ. ಬೆಲೆ ಕೇಳಿದ ಮೇಲೆ ಕತ್ತರಿಯಣ್ಣನಿಗೆ ಅದು ಮುರಿದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಕಡಿಮೆ ಬೆಲೆಯದ್ದು ತೋರಿಸು ಎಂದರೆ ಅದೂ ಅವನ ಜೇಬಿನಿಂದ ಬಹಳ ಎತ್ತರದಲ್ಲಿತ್ತು.

ಬೆಲೆಯ ಬಿಸಿ ತಡೆಯಲಾರದೆ ಪೋಸ್ಟ್‌ಮಾಸ್ಟರು ನೀರು ಕುಡಿಯಲು ಕರವಸ್ತ್ರ ಇಳಿಸಿದರು. ಮಾರಾಟದವನು ಅರ್ಧ ಮೀಸೆಯನ್ನು ಕಂಡು ನಗು ತಡೆಯಲು ಹೋಗಿ ಕೆಮ್ಮಿದ. ಅದು ಪೂರ್ತಿ ಕೆಮ್ಮಾಗಿರಲಿಲ್ಲ.

"ಯಾಕಯ್ಯ ನಗ್ತೀಯ? ಸರ್ಕಾರಿ ಕೆಲಸದಲ್ಲಿದ್ದು ಬಂದವನು ನಾನು," ಎಂದು ಪೋಸ್ಟ್‌ಮಾಸ್ಟರು ಏರಿ ಬಂದರು. ಮಾತಿಗೆ ಮಾತು ಬೆಳೆಯಿತು. ಕಾವಲಿನವನು ಅದೇ ಕೋಲನ್ನು ಈ ಸಲ ಹಿಂದಿನಿಂದ ಹಿಡಿದು ಮೂವರನ್ನೂ ಬೀದಿಗೆ ತಲುಪಿಸಿದ.

ಪೋಸ್ಟ್‌ಮಾಸ್ಟರು ಅವಮಾನದಿಂದ ಮನೆ ಸೇರಿದರು. ದರ್ಜಿಗೆ ಗಿರಾಕಿಯ ಫೋನು ಬಂತು. ಅವನು ಹೊರಡುವ ಮುನ್ನ ಜೆರಾಕ್ಸ್ ಅಂಗಡಿಯ ಗಾಜಿಗೆ ಅಂಟಿಸಿದ್ದ ಚೀಟಿಯೊಂದನ್ನು ತೋರಿಸಿದ. ಒಳ್ಳೆಯ ಸ್ಥಿತಿಯ ಲ್ಯಾಪ್‌ಟಾಪ್ ಮಾರಾಟಕ್ಕಿದೆ ಎಂದು ಬರೆದು, ಕೆಳಗೆ ವಿಳಾಸ ಹಾಕಿತ್ತು.

"ಇಲ್ಲಿಗೆ ಹೋಗು ಅಣ್ಣ. ಆದ್ರೆ ಸುಮ್ನೆ ಬೆಲೆ ಕೇಳ್ಬೇಡ. ಕಷ್ಟ ತೋಡ್ಕೋ. ಕಷ್ಟ ಕೇಳಿದ್ರೆ ಎಂಥವರೂ ಇಳೀತಾರೆ."

ಆ ಮನೆ ಹತ್ತಿರದಲ್ಲೇ ಇತ್ತು. ಜಗಲಿಯಲ್ಲಿ ಬನಿಯನ್ನು ತೊಟ್ಟ ಒಬ್ಬರು ಗಿಡದ ಕುಂಡಕ್ಕೆ ಮಣ್ಣು ತುಂಬುತ್ತಿದ್ದರು. ಮಿತಭಾಷಿ ಮನುಷ್ಯ. ಕೈ ತೊಳೆದು ಬಂದು ಲ್ಯಾಪ್‌ಟಾಪನ್ನು ಮುಂದಿಟ್ಟು, ಆನ್ ಮಾಡಿ ತೋರಿಸಿ, ಬೆಲೆ ಹೇಳಿ ಸುಮ್ಮನಾದರು. ಬೆಲೆ ಜೇಬಿಗಿಂತ ಸ್ವಲ್ಪವೇ ಮೇಲಿತ್ತು.

ಬೆಳಿಗ್ಗೆಯಿಂದ ಬೇರೆಯವರ ಮಾತನ್ನೇ ಕೇಳಿ ಕೇಳಿ ಕತ್ತರಿಯಣ್ಣನ ಹೊಟ್ಟೆಯಲ್ಲಿ ಮಾತು ಕಟ್ಟಿಕೊಂಡಿತ್ತು. ಸುಮ್ಮನೆ ಕೂತು ಕೇಳುವ ಒಂದು ಮುಖ ಕಂಡದ್ದೇ ತಡ, ಕಟ್ಟೆ ಒಡೆಯಿತು.

"ಬೀದಿ ತಿರುವಿನ ಕ್ಷೌರದಂಗಡಿ ನಂದೇ ಸಾರ್. ಇದು ಮಗಳಿಗೆ. ಓದೋ ಹುಡುಗಿ. ನೀರು ಬಿದ್ದು ಹಳೇದು ಕೆಟ್ಟುಹೋಯ್ತು. ಅವಳ ಪ್ರೊಫೆಸರ್ ಒಬ್ರು ಇದಾರೆ, ಕಲ್ಲಲ್ಲಿ ನಾರು ತೆಗೆಯೋ ಮನುಷ್ಯ. ಸತ್ತೋರನ್ನೂ ಎಬ್ಬಿಸಿ ಹಾಜರಿ ಕೂಗ್ತಾರಂತೆ."

"ಹೌದಾ," ಎಂದರು ಆ ಮನುಷ್ಯ.

"ಎಂಥದೋ ವರದಿ ಕೇಳಿದಾರೆ. ಮಣ್ಣಿನ ಬಗ್ಗೆ. ಮಣ್ಣಿನ ಬಗ್ಗೆ ಬರೆಯೋಕೆ ಏನಿದೆ ಹೇಳಿ, ತುಳಿಯೋದು ತಾನೇ?"

ಆ ಮನುಷ್ಯ ಉಗುರಿನೊಳಗೆ ಉಳಿದಿದ್ದ ಮಣ್ಣನ್ನು ನೋಡಿಕೊಂಡರು. "ಪಾಪ. ಬರೆದಿದ್ದೆಲ್ಲ ನೀರಿನಲ್ಲಿ ಹೋಯ್ತೇನೋ?"

ಇಂಥ ಮರುಕದ ಮಾತನ್ನು ಆ ದಿನ ಯಾರೂ ಆಡಿರಲಿಲ್ಲ. ಕತ್ತರಿಯಣ್ಣನ ಎದೆ ತುಂಬಿ ಬಂತು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

"ನಿಮ್ಮ ಹತ್ರ ಮುಚ್ಚಿಡೋದೇನು ಸಾರ್. ಅದರಲ್ಲಿ ಏನೂ ಇರಲಿಲ್ಲ. ಬರೀ ಮುಖಪುಟ. ಪೂರ್ತಿ ಹೋಯ್ತು ಅಂತ ಅತ್ತು ಒಂದು ವಾರ ಗಡುವು ತಗೊಂಡಿದಾಳೆ. ಕಲ್ಲನ್ನೇ ಕರಗಿಸಿಬಿಟ್ಲು ನನ್ನ ಮಗಳು. ಎಷ್ಟು ಚುರುಕು ನೋಡಿ."

ಆ ಮನುಷ್ಯ ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು. ಆಮೇಲೆ, "ನಿಮ್ಮ ಹತ್ರ ಎಷ್ಟಿದೆಯೋ ಅಷ್ಟೇ ಕೊಡಿ" ಎಂದರು. ಚಾರ್ಜರು ಕೊಟ್ಟರು, ಚೀಲ ಕೊಟ್ಟರು. ತೊಂದರೆ ಬಂದರೆ ಇರಲಿ ಎಂದು ಅವನ ಫೋನ್ ನಂಬರನ್ನೂ ಬರೆದುಕೊಂಡರು. ಗೇಟಿನವರೆಗೆ ಬಂದು ಕಳಿಸಿದರು.

ಕತ್ತರಿಯಣ್ಣ ಗೆದ್ದ ಪೈಲ್ವಾನನಂತೆ ಮನೆಗೆ ಬಂದ. ಹೊರಗೆ ಇನ್ನೂ ಬೆಳಕಿತ್ತು. ಹೆಂಡತಿ ಮೊದಲ ಸಲ ಅವನನ್ನು ಮನುಷ್ಯನನ್ನು ನೋಡುವಂತೆ ನೋಡಿದಳು. ಮಗಳು ಗುಂಡಿ ಒತ್ತಿದಳು. ಪರದೆ ಥಟ್ಟನೆ ಬೆಳಗಿತು.

"ಭಾಳ ಚೆನ್ನಾಗಿದೆ ಅಪ್ಪ. ಎಲ್ಲಿ ಸಿಕ್ತು?"

ಅವನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಫೋನು ಕೂಗಿತು. ಒಳ್ಳೆಯ ವ್ಯಾಪಾರವನ್ನು ಮನೆಯವರೂ ಕೇಳಲಿ ಎಂದು ಸ್ಪೀಕರ್ ಹಾಕಿದ.

"ಲ್ಯಾಪ್‌ಟಾಪ್ ಆನ್ ಆಯ್ತಾ?" ಎಂದಿತು ಆ ಕಡೆಯ ದನಿ.

ಮಗಳು ಕೂತಲ್ಲೇ ಕಲ್ಲಾದಳು. ಆಮೇಲೆ ಎರಡೂ ಕೈ ಎತ್ತಿ, ಇಲ್ಲ, ಇಲ್ಲ ಎಂದು ಗಾಳಿಯಲ್ಲಿ ಬೀಸತೊಡಗಿದಳು. ಖುಷಿಗೆ ಕುಣಿಯುತ್ತಿದ್ದಾಳೆ ಎಂದುಕೊಂಡ ಕತ್ತರಿಯಣ್ಣ.

"ಆಯ್ತು ಸಾರ್. ಕುದುರೆ ಓಡಿದ ಹಾಗೆ ಓಡ್ತಿದೆ. ಮಗಳು ಕುಣೀತಿದಾಳೆ ನೋಡಿ."

"ಸಂತೋಷ. ಹಾಗಾದ್ರೆ ಒಂದು ವಾರ ಯಾಕೆ? ನಾಳೆ ಬೆಳಿಗ್ಗೆ ಮೊದಲ ಕ್ಲಾಸಿಗೆ ವರದಿ ತಂದುಕೊಡೋಕೆ ಹೇಳಿ. ಮಣ್ಣಿನ ಬಗ್ಗೆ ಬರೆಯೋದು ಜಾಸ್ತಿ ಏನೂ ಇಲ್ಲ ಅಂತ ನೀವೇ ಹೇಳಿದ್ರಲ್ಲ."

ಮಗಳ ಕೈ ಕೆಳಗಿಳಿಯಿತು. ಕತ್ತರಿಯಣ್ಣ ಅವಳ ಮುಖ ನೋಡಿದ, ಫೋನು ನೋಡಿದ. ಅವನಿಗೆ ಎಲ್ಲ ಒಂದೇ ಸಲಕ್ಕೆ ಅರ್ಥವಾಯಿತು.

"ಇನ್ನೊಂದು ವಿಷಯ," ಎಂದರು ಪ್ರೊಫೆಸರು. "ನಂದೂ ಕೂದಲು ಬೆಳೆದಿದೆ. ಇನ್ಮೇಲೆ ನಿಮ್ಮ ಅಂಗಡಿಗೇ ಬರ್ತೀನಿ. ನನ್ನ ಉಳಿದ ವಿದ್ಯಾರ್ಥಿಗಳೂ ಅಲ್ಲಿಗೇ ಬರ್ತಾರಂತೆ. ಭಾನುವಾರ ತೆಗೆದಿರ್ತೀರಾ?"

ಮಗಳು ಈ ಸಲ ಕೈಯಾಡಿಸಲಿಲ್ಲ, ಬರೀ ಕಣ್ಣಲ್ಲೇ ಬೇಡಿಕೊಂಡಳು. ಆದರೆ ಗಿರಾಕಿ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಇದ್ದು ಕತ್ತರಿಯಣ್ಣನಿಗೆ ಅಭ್ಯಾಸವೇ ಇರಲಿಲ್ಲ.

"ತೆಗೆದಿರ್ತೀನಿ ಸಾರ್," ಎಂದ. "ಸ್ವಲ್ಪ ಬೇಗ ಬನ್ನಿ. ಜನ ಕಡಿಮೆ ಇರ್ತಾರೆ, ಕೂತು ಮಾತಾಡಬಹುದು."